ಸದ್ದಿಲ್ಲದ ದೋಣಿಯ ಸುಳ್ಳು ಸಾಧುತನ

ಶನಿವಾರ ಬಂತೆಂದರೆ ಬೆಳಗಾವಿಯ ಕಾರುಗಳು ಖಾನಾಪುರ, ರಾಮನಗರದ ಹಾದಿ ಹಿಡಿದು ಗಣೇಶಗುಡಿಯತ್ತ ಹೊರಡುವುದು ಈಗ ಹೊಸ ಸುದ್ದಿಯೇನಲ್ಲ. ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ಹೊಳೆಯಲ್ಲಿ ಬೆಳಗಿನ ಕಯಾಕ್ ಸವಾರಿ ಮುಗಿಸಿ ಮರಳುವವರು ಫೋಟೊಗಳ ಜೊತೆಗೆ ಒಂದು ಸಿದ್ಧಾಂತವನ್ನೂ ಊರಿಗೆ ತರುತ್ತಾರೆ. ಕಯಾಕ್‌ಗೆ ಇಂಜಿನ್ ಇಲ್ಲ, ಹೊಗೆಯಿಲ್ಲ, ಸದ್ದಿಲ್ಲ. ನಸುಕಿನಲ್ಲಿ ಸುಮ್ಮನೆ ತೇಲುತ್ತ ಹೋದರೆ ನಾವು ಬಂದದ್ದು ಹಕ್ಕಿಗೂ ಗೊತ್ತಾಗುವುದಿಲ್ಲ, ನೀರುನಾಯಿಗೂ ಗೊತ್ತಾಗುವುದಿಲ್ಲ. ಕಾಡುಜೀವಿಗಳನ್ನು ನೋಡಲು ಇದಕ್ಕಿಂತ ನಿರುಪದ್ರವಿ ದಾರಿ ಇನ್ನೊಂದಿಲ್ಲ. ಇದು ಆ ಸಿದ್ಧಾಂತ. ಅದರ ಬೆನ್ನಿಗೇ ಬರುವ ಮಾತು: ಇಷ್ಟಕ್ಕೆ ಕಾಳಿಯವರೆಗೆ ಯಾಕೆ ಹೋಗಬೇಕು? ನಮ್ಮದೇ ಮಲಪ್ರಭೆ ಖಾನಾಪುರದ ಮಗ್ಗುಲಲ್ಲಿ ಹರಿಯುತ್ತಿದೆಯಲ್ಲ, ಅಲ್ಲಿಯೂ ನಾಲ್ಕು ದೋಣಿ ಇಳಿಸಿದರೆ ಪ್ರವಾಸೋದ್ಯಮವೂ ಆಯಿತು, ಪರಿಸರಪ್ರೇಮವೂ ಆಯಿತು.

ಹೀಗೆ ಹೇಳುವವರು ಹೊಳೆದಂಡೆಯಲ್ಲಿ ಡಿಜೆ ಹಚ್ಚಿ ಬಾಟಲಿ ಒಡೆಯುವ ಪೈಕಿಯವರಲ್ಲ. ಹಕ್ಕಿಗಳ ಹೆಸರು ಬಲ್ಲವರು, ಪ್ಲಾಸ್ಟಿಕ್ ಹೆಕ್ಕಿ ತರುವವರು, ಮಕ್ಕಳಿಗೆ ಕಾಡು ತೋರಿಸಬೇಕೆಂಬ ಆಸೆಯಿರುವವರು. ಆದ್ದರಿಂದಲೇ ಈ ಮಾತಿಗೆ ಉತ್ತರ ಕೊಡಬೇಕಾಗಿದೆ. ಪುಂಡರನ್ನು ಪೊಲೀಸರು ತಡೆದಾರು. ಸಜ್ಜನರ ತಪ್ಪು ನಂಬಿಕೆಗೆ ತಡೆಯಿಲ್ಲ, ಅದು ನಾಳೆ ಸರ್ಕಾರದ ಯೋಜನೆಯೇ ಆಗಿಬಿಡುತ್ತದೆ. ನನ್ನ ವಾದ ಇಷ್ಟು: ಸದ್ದಿಲ್ಲದಿರುವುದು ಬೇರೆ, ಉಪದ್ರವವಿಲ್ಲದಿರುವುದು ಬೇರೆ. ಮಲಪ್ರಭೆಯಂಥ ಕಿರಿದಾದ ಹೊಳೆಯಲ್ಲಿ ಕಯಾಕ್ ಏರುವವನು ಕಾಡುಜೀವಿಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಅಟ್ಟುತ್ತಾನೆ.

ಮೊದಲು ಈ ದೋಣಿಯ ಕುಲಗೋತ್ರ ನೋಡೋಣ. ಕಯಾಕ್ ಹುಟ್ಟಿದ್ದು ವಿಹಾರಕ್ಕಲ್ಲ, ಬೇಟೆಗೆ. ಆರ್ಕ್ಟಿಕ್ ತೀರದ ಇನುಯಿಟ್, ಯೂಪಿಕ್, ಅಲ್ಯೂಟ್ ಜನ ಕಡಲಲ್ಲಿ ತೇಲಿಬಂದ ಕಟ್ಟಿಗೆಯಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರ ಕಟ್ಟಿ, ಮೇಲೆ ಸೀಲ್ ಚರ್ಮ ಬಿಗಿದು ಹೊಲಿದು, ಅದರಲ್ಲೇ ಕೂತು ಸೀಲ್ ಬೇಟೆಗೆ ಹೋಗುತ್ತಿದ್ದರು. ಗ್ರೀನ್‌ಲ್ಯಾಂಡಿನ ಬೇಟೆಗಾರರು ದೋಣಿಯ ಮೂತಿಗೆ ಬಿಳಿ ಮರೆಯೊಂದನ್ನು ಕಟ್ಟಿಕೊಂಡು, ದೂರಕ್ಕೆ ಮಂಜುಗಡ್ಡೆಯ ತುಂಡು ತೇಲಿಬಂದಂತೆ ಕಾಣುವ ಹಾಗೆ ಮಾಡಿಕೊಳ್ಳುತ್ತಿದ್ದರು. ತಗ್ಗಾದ ಮೈ, ತೆಳು ಮೂತಿ, ನೀರು ಕದಡದ ಹುಟ್ಟು, ಎಲ್ಲವೂ ಒಂದೇ ಉದ್ದೇಶಕ್ಕೆ ದುಡಿಯುತ್ತವೆ: ಈಟಿಯ ಅಳತೆಗೆ ಬರುವವರೆಗೆ ಪ್ರಾಣಿಗೆ ಸುಳಿವು ಸಿಗಬಾರದು. ಅವರಿಗದು ಹೊಟ್ಟೆಪಾಡು, ಅವರನ್ನು ದೂರುವ ಅಧಿಕಾರ ನಮಗಿಲ್ಲ. ಆದರೆ ಪ್ರಾಣಿಯನ್ನು ವಂಚಿಸಲೆಂದೇ ಕಟ್ಟಿದ ದೋಣಿಯ ವಂಚನೆಯ ಗುಣವನ್ನೇ ಎತ್ತಿ ಹಿಡಿದು, ನೋಡಿ, ಇದು ಎಷ್ಟು ಸಾಧು ಎನ್ನುವುದು ಯಾವ ನ್ಯಾಯ?

ಸದ್ದು ಪ್ರಾಣಿಗೆ ಶತ್ರು ಎಂದು ನಾವು ತಿಳಿದಿದ್ದೇವೆ. ಬಹಳ ಸಲ ಅದು ಎಚ್ಚರಿಕೆಯೂ ಹೌದು. ದೂರದಲ್ಲಿ ಇಂಜಿನ್ ಗುಡುಗಿದರೆ ಹಕ್ಕಿ ಕತ್ತೆತ್ತುತ್ತದೆ, ದಿಕ್ಕು ಅಳೆಯುತ್ತದೆ, ಬೇಕೆನಿಸಿದರೆ ನಡೆದುಕೊಂಡೇ ಪಕ್ಕಕ್ಕೆ ಸರಿಯುತ್ತದೆ. ಸದ್ದಿಲ್ಲದ ವಸ್ತು ತಿರುವಿನಾಚೆಯಿಂದ ಹತ್ತಿಪ್ಪತ್ತು ಮೀಟರಿನಲ್ಲಿ ಧುತ್ತೆಂದು ಎದುರಾದರೆ ಅಳೆಯಲು ಸಮಯವೆಲ್ಲಿದೆ? ನೀರಿನ ಮೇಲೆ ತಗ್ಗಾಗಿ, ನಿಶ್ಶಬ್ದವಾಗಿ, ನೇರವಾಗಿ ತನ್ನತ್ತ ಬರುವುದು ಬೇಟೆಗಾರನೇ ಎಂದು ಲಕ್ಷಾಂತರ ವರ್ಷಗಳ ಅನುಭವ ಅದಕ್ಕೆ ಕಲಿಸಿದೆ. ಇನ್ನು, ಮೋಟಾರ್ ದೋಣಿಗೆ ಆಳವಾದ ನೀರು ಬೇಕು, ಅದು ನಡುಹೊಳೆ ಬಿಟ್ಟು ಬರಲಾರದು. ಕಯಾಕ್‌ಗೆ ಗೇಣು ನೀರು ಸಾಕು. ಜೊಂಡಿನ ಸಂದಿಗೆ, ಬಾಗಿದ ಕೊಂಬೆಯ ಕೆಳಗೆ, ಬಂಡೆಗಳ ನಡುವಿನ ಕಿರುಗಾಲುವೆಗೆ, ಅಂದರೆ ಮನುಷ್ಯ ಬರಲಾರ ಎಂಬ ಧೈರ್ಯದ ಮೇಲೆ ಜೀವಿಗಳು ಉಳಿದುಕೊಂಡಿರುವ ಒಂದೊಂದು ಮೂಲೆಗೂ ಅದು ನುಗ್ಗುತ್ತದೆ. ಕಯಾಕ್ ಮಾರುವವರು ಹೊಗಳುವುದೂ ಇದನ್ನೇ: ಬೇರೆ ಯಾವ ದೋಣಿಯೂ ಹೋಗದ ಜಾಗಕ್ಕೆ ಹೋಗಬಹುದು!

ಈಗ ಮಲಪ್ರಭೆಗೆ ಬರೋಣ. ಕಣಕುಂಬಿಯಲ್ಲಿ ಹುಟ್ಟಿ, ಜಾಂಬೋಟಿ ಸೀಮೆ ಹಾದು, ಹಬ್ಬನಹಟ್ಟಿಯ ಮಾರುತಿ ಗುಡಿ, ಅಸೋಗಾದ ರಾಮಲಿಂಗೇಶ್ವರ ಗುಡಿ ಮುಟ್ಟಿ ಖಾನಾಪುರಕ್ಕೆ ಬರುವ ಈ ಹೊಳೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊತ್ತಿಗೆ 304 ಕಿಲೋಮೀಟರ್ ಹರಿದಿರುತ್ತದೆ. ಖಾನಾಪುರದ ಮೇಲಿನ ಭಾಗದಲ್ಲಿ ಅದಿನ್ನೂ ಎಳೆಯ ಹೊಳೆ. ಈ ದಂಡೆಯಿಂದ ಎಸೆದ ಕಲ್ಲು ಆ ದಂಡೆಗೆ ಬೀಳುತ್ತದೆ. ಅಮೆರಿಕದ ಸಾಗರ ಇಲಾಖೆ ನೋವಾ, ಸೀಲ್‌ಗಳಿಂದ ಕನಿಷ್ಠ 50 ಗಜ, ತಿಮಿಂಗಿಲಗಳಿಂದ 100 ಗಜ ದೂರವಿರಿ ಎಂದು ಪ್ರವಾಸಿಗಳಿಗೆ ಹೇಳುತ್ತದೆ. ಕಯಾಕ್ ಎಂದು ರಿಯಾಯಿತಿ ಇಲ್ಲ. ಆ 50 ಗಜವನ್ನು ಇಲ್ಲಿ ಪಾಲಿಸುವುದು ಹೇಗೆ? ನಡುನೀರಿನಲ್ಲಿ ನೆಟ್ಟಗೆ ಹೋದರೂ ಎರಡೂ ದಂಡೆ ಆ ಅಳತೆಯ ಒಳಗೇ ಬೀಳುತ್ತವೆ. ಕಡಲಿನಲ್ಲಿ, ಜಲಾಶಯದಲ್ಲಿ ಹಕ್ಕಿಗೆ ಪಕ್ಕಕ್ಕೆ ಸರಿಯುವ ಅವಕಾಶವಿದೆ. ಇಂಥ ಹೊಳೆಯಲ್ಲಿ ಪಕ್ಕವೇ ಇಲ್ಲ, ಮುಂದೆ ಮಾತ್ರ ಇದೆ.

ಆ ‘ಮುಂದೆ’ ಏನಾಗುತ್ತದೆ ಎಂಬುದನ್ನು ಕಯಾಕ್‌ನಲ್ಲಿ ಕೂತವರೆಲ್ಲ ಕಂಡಿರುತ್ತಾರೆ, ಆದರೆ ತಿರುಗುಮುರುಗಾಗಿ ಓದಿರುತ್ತಾರೆ. ದಂಡೆಯ ತೆಳು ನೀರಿನಲ್ಲಿ ಬೂದು ಬಕವೊಂದು ಕತ್ತನ್ನು ಕೊಕ್ಕೆಯಂತೆ ಮಡಚಿ ನಿಂತಿದೆ. ಮೀನು ಅಳತೆಗೆ ಬರಲೆಂದು ಬಹಳ ಹೊತ್ತಿನಿಂದ ಅಲುಗಿಲ್ಲ. ದೋಣಿ ಕಂಡೊಡನೆ ಕತ್ತು ನೆಟ್ಟಗಾಗುತ್ತದೆ. ಬೇಟೆ ಅಲ್ಲಿಗೆ ಕೆಟ್ಟಿತು. ಇನ್ನೂ ಹತ್ತಿರವಾದರೆ ಕರ್ಕಶವಾಗಿ ಒಂದು ಕೂಗು ಹಾಕಿ, ಕಾಲು ಜೋಲಾಡಿಸುತ್ತ ಏಳುತ್ತದೆ. ಹಿಂದಕ್ಕೆ ಹಾರಬೇಕೆಂದರೆ ದೋಣಿಯ ಮೇಲೇ ಬರಬೇಕು, ಹಾಗಾಗಿ ಮುಂದಕ್ಕೇ ಹಾರಿ ಮುಂದಿನ ತಿರುವಿನಲ್ಲಿ ಇಳಿಯುತ್ತದೆ. ಐದು ನಿಮಿಷಕ್ಕೆ ಅಲ್ಲಿಗೂ ದೋಣಿ ಬಂತು. ಮತ್ತೆ ಕತ್ತು, ಮತ್ತೆ ಕೂಗು, ಮತ್ತೆ ಹಾರಾಟ. ಹೀಗೆ ಅಟ್ಟಿಸಿಕೊಳ್ಳುತ್ತ ಇನ್ನೊಂದು ಬಕದ ಸರಹದ್ದಿಗೆ ಹೋಗಿ ಬಿದ್ದರೆ ಅಲ್ಲಿ ಜಗಳ ಬೇರೆ. ಕೊನೆಗೆ ಮರಗಳ ಮೇಲೆ ಎತ್ತರಕ್ಕೆ ಸುತ್ತುಹಾಕಿ ಹಿಂದಕ್ಕೆ ಹೋಗುವ ಹೊತ್ತಿಗೆ ಬೆಳಗಿನ ಊಟದ ವೇಳೆ ಮುಗಿದಿರುತ್ತದೆ. ದೋಣಿಯಲ್ಲಿದ್ದವರು ಮಾತ್ರ ಊರಿಗೆ ಬಂದು ಹೇಳುವುದು: ಒಂದು ಕೊಕ್ಕರೆ ಕಿಲೋಮೀಟರ್‌ಗಟ್ಟಲೆ ನಮಗೆ ದಾರಿ ತೋರಿಸುತ್ತ ಬಂತು, ಎಂಥಾ ಭಾಗ್ಯ!

ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪುಟ್ಟ ಗದ್ದೆಗೊರವದ ಪಾಡೂ ಇದೇ. ನೀರಿಗೆ ರೆಕ್ಕೆ ತಾಗುವಷ್ಟು ತಗ್ಗಿನಲ್ಲಿ ಸಿಳ್ಳು ಹಾಕುತ್ತ ಹಾರಿ, ಮುಂದಿನ ಬಂಡೆಯ ಮೇಲೆ ಕೂತು ಬಾಲ ಕುಣಿಸುತ್ತದೆ. ದೋಣಿಯವರು ಇದುವರೆಗೆ ಎಂಟು ಗೊರವ ಕಂಡೆವೆಂದು ಲೆಕ್ಕ ಬರೆದುಕೊಳ್ಳುತ್ತಾರೆ. ಅದು ಎಂಟು ಸಲ ಎಬ್ಬಿಸಿದ ಒಂದೇ ಗೊರವ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯಲ್ಲಿ ಕೊಲ್ಲುವುದು, ಹಿಡಿಯುವುದರ ಜೊತೆಗೆ ಪ್ರಾಣಿಯನ್ನು ಅಟ್ಟುವುದನ್ನೂ ಸೇರಿಸಿದೆ. ಕಯಾಕ್ ಹತ್ತಿದವರನ್ನೆಲ್ಲ ಆರೋಪಿಗಳನ್ನಾಗಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಬಂದೂಕಿಲ್ಲ ಎಂದ ಮಾತ್ರಕ್ಕೆ ಅಟ್ಟುವುದು ನಿರುಪದ್ರವಿಯಾಗುವುದಿಲ್ಲ ಎಂಬುದು ಕಾಯ್ದೆ ಬರೆದವರಿಗೂ ಗೊತ್ತಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಇದು ನನ್ನೊಬ್ಬನ ಊಹೆಯಲ್ಲ. ಅಮೆರಿಕದ ಮಿಸ್ಸೂರಿಯ ಓಜಾರ್ಕ್ ಹೊಳೆಗಳಲ್ಲಿ, ನಮ್ಮ ಹಸಿರು ಬಕದ ಹತ್ತಿರದ ದಾಯಾದಿಯಾದ ಹಕ್ಕಿಯ ಮೇಲೆ ನಡೆದ ಅಧ್ಯಯನವೊಂದು 1984ರಲ್ಲೇ ಪ್ರಕಟವಾಗಿದೆ. ಹೊಳೆಯಲ್ಲಿ ವಿಹಾರಿಗಳು ಹೆಚ್ಚಾದಂತೆ ಆ ಬಕ ಮುಖ್ಯ ಹರಿವನ್ನು ಬಿಟ್ಟು ಸರಿಯಿತು, ಮೇಯುವುದನ್ನೂ ಕಡಿಮೆ ಮಾಡಿತು. ಆ ವಿಹಾರಿಗಳಲ್ಲಿ ಹೆಚ್ಚಿನವರು ಹುಟ್ಟು ಹಾಕುವ ದೋಣಿಗಳಲ್ಲಿ ಬಂದವರೇ. ಇನ್ನು, ನಾವು ಹತ್ತಿರ ಹೋದರೂ ಅದು ಹಾರಲಿಲ್ಲ, ಆರಾಮಾಗಿ ಕೂತಿತ್ತು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಕಾವಿಗೆ ಕೂತ ಪೆಂಗ್ವಿನ್‌ಗಳ ಎದೆಬಡಿತ ಅಳೆದ ಸಂಶೋಧಕರು, ಮೇಲ್ನೋಟಕ್ಕೆ ಕಲ್ಲಿನಂತೆ ಕೂತ ಹಕ್ಕಿಯಲ್ಲೂ ಮನುಷ್ಯ ಸಮೀಪಿಸಿದಾಗ ಎದೆಬಡಿತ ಏರುವುದನ್ನು ಕಂಡಿದ್ದಾರೆ. ಮೊಟ್ಟೆ ಬಿಟ್ಟು ಏಳಲಾರದ ತಾಯಿ ಕೂತಿರುತ್ತಾಳೆಯೇ ಹೊರತು ನಮ್ಮನ್ನು ಮೆಚ್ಚಿ ಕೂತಿರುವುದಿಲ್ಲ.

ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಇನ್ನೂ ಕೆಟ್ಟದ್ದು. ನೋಡುವವರಿಗೆ ಮಂಜು, ತಂಪು, ಹೊಂಬಿಸಿಲು. ಹಕ್ಕಿಗೆ ಅದು ಇಡೀ ರಾತ್ರಿ ಉಪವಾಸವಿದ್ದು, ಚಳಿಯಲ್ಲಿ ಮೈಯ ಕೊಬ್ಬು ಕರಗಿಸಿ, ಮೊದಲ ತುತ್ತಿಗೆ ಇಳಿಯುವ ಹೊತ್ತು. ನೀರುನಾಯಿ ಮರಿಗಳೊಡನೆ ಮೀನಿಗೆ ಇಳಿಯುವುದು, ಕಾಡಿನ ಪ್ರಾಣಿಗಳು ಹೊಳೆಗೆ ನೀರು ಕುಡಿಯಲು ಬರುವುದು ಬಹುಮಟ್ಟಿಗೆ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹಗಲೆಲ್ಲ ಹೊಳೆ ನಮ್ಮದೇ: ಪಂಪ್‌ಸೆಟ್, ಬಟ್ಟೆ, ಟ್ರ್ಯಾಕ್ಟರ್, ಉಸುಕು. ಅವುಗಳ ಪಾಲಿಗೆ ಉಳಿದಿರುವುದು ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು. ಪರಿಸರಪ್ರೇಮಿ ಹುಡುಕಿ ಹುಡುಕಿ ಬಂದು ಕೂರುವುದು ಆ ಎರಡು ತಾಸಿನ ಮೇಲೆಯೇ.

ಋತುಮಾನವೂ ಹೀಗೆಯೇ ತಿರುಗಿ ಬೀಳುತ್ತದೆ. ಮಳೆಗಾಲದಲ್ಲಿ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುವಾಗ ಯಾರೂ ದೋಣಿ ಇಳಿಸುವುದಿಲ್ಲ. ನೀರು ತಿಳಿಯಾದ ಮೇಲೆ ಸವಾರಿಯ ಹಂಗಾಮು ಶುರು. ಅದೇ ವಲಸೆ ಹಕ್ಕಿಗಳ ಹಂಗಾಮು, ಮಿಂಚುಳ್ಳಿ ದಂಡೆಯ ಮಣ್ಣುಗೋಡೆಯಲ್ಲಿ ಬಿಲ ಕೊರೆಯುವ ಹಂಗಾಮು. ಬೇಸಿಗೆ ಏರಿದಂತೆ ಹರಿವು ಕಡಿದು ಹೊಳೆ ಮಡುವುಗಳಾಗಿ ಉಳಿಯುತ್ತದೆ. ಮೀನೆಲ್ಲ ಅಲ್ಲಿ, ಮೀನು ತಿನ್ನುವವರೆಲ್ಲ ಅಲ್ಲಿ, ದೋಣಿ ತೇಲುವಷ್ಟು ನೀರಿರುವುದೂ ಅಲ್ಲಿಯೇ. ಅದೇ ಹೊತ್ತಿಗೆ ಬಯಲಾದ ಉಸುಕಿನ ದಿಬ್ಬ, ಬೆಣಚುಕಲ್ಲಿನ ನಡುಗಡ್ಡೆಗಳಲ್ಲಿ ಟಿಟ್ಟಿಭಗಳೂ ರೀವಗಳೂ ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡೆಂದರೆ ಒಂದು ಸಣ್ಣ ತಗ್ಗು. ಮೊಟ್ಟೆಯ ಬಣ್ಣ ಅಕ್ಕಪಕ್ಕದ ಕಲ್ಲಿನದೇ. ದೋಣಿಯವರು ಚಹಾ, ಅವಲಕ್ಕಿಗೆಂದು ಇಳಿಯಲು ಆರಿಸುವುದು ಇಂಥ ಸ್ವಚ್ಛ ದಿಬ್ಬವನ್ನೇ. ತಲೆಯ ಮೇಲೆ ಹಕ್ಕಿ ಚೀರಾಡುತ್ತಿದ್ದರೆ ಎಷ್ಟು ಜೀವಂತಿಕೆ ಎನಿಸುತ್ತದೆ. ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯಲು, ಕಾಗೆ ಬಂದು ಕುಕ್ಕಲು ಬಹಳ ಹೊತ್ತು ಬೇಕಿಲ್ಲ. ನಮ್ಮ ಹೊಳೆಗಳ ರೀವ ಇಂದು ಜಾಗತಿಕವಾಗಿಯೇ ಅಪಾಯಕ್ಕೆ ಸಿಕ್ಕ ಹಕ್ಕಿಗಳ ಪಟ್ಟಿಯಲ್ಲಿದೆ.

ಎದುರುವಾದಗಳಿಗೆ ಬರುತ್ತೇನೆ. ಮೋಟಾರ್ ದೋಣಿಗಿಂತ ಕಯಾಕ್ ಮೇಲಲ್ಲವೇ ಎನ್ನುತ್ತಾರೆ. ಮೋಟಾರ್ ದೋಣಿಗಳು ಓಡಾಡುವ ನೀರಿನಲ್ಲಿ ಖಂಡಿತ ಮೇಲು. ಆದರೆ ಖಾನಾಪುರದ ಮಲಪ್ರಭೆಯಲ್ಲಿ ಮೋಟಾರ್ ದೋಣಿ ಎಲ್ಲಿದೆ? ಇಲ್ಲದ ಕೇಡಿನ ಜೊತೆ ಹೋಲಿಸಿ ಹೊಸ ಕೇಡನ್ನು ಒಳ್ಳೆಯದೆನ್ನಿಸುವ ಉಪಾಯ ಇದು. ಇಲ್ಲಿ ಕಯಾಕನ್ನು ಹೋಲಿಸಬೇಕಾದದ್ದು ಯಾವ ದೋಣಿಯೂ ಇಲ್ಲದ ಹೊಳೆಗೆ.

ರಂಗನತಿಟ್ಟಿನಲ್ಲಿ ದೋಣಿ ಇಲ್ಲವೇ, ಅಲ್ಲಿ ಹಕ್ಕಿಗಳು ಮೈಮೇಲೆ ಬಂದಂತೆ ಕೂತಿರುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇದು ಗಟ್ಟಿ ಪ್ರಶ್ನೆ. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಪಕ್ಷಿಧಾಮವಾದ ಆ ತಾಣದಲ್ಲಿ ಅರಣ್ಯ ಇಲಾಖೆಯ ದೋಣಿಗಳೇ ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಗಮನಿಸಬೇಕಾದದ್ದು ಅಲ್ಲಿನ ಕ್ರಮ: ಗೊತ್ತಾದ ದಾರಿ, ಪಳಗಿದ ಅಂಬಿಗ, ನಡುಗಡ್ಡೆಗೆ ಯಾರೂ ಇಳಿಯುವಂತಿಲ್ಲ. ದಿನದಿನವೂ ಅದೇ ದೋಣಿ ಅದೇ ದಾರಿಯಲ್ಲಿ ಬಂದು ಹೋಗುವುದನ್ನು ಕಂಡು ಹಕ್ಕಿಗಳು ಒಗ್ಗಿಕೊಂಡಿವೆ. ಕಯಾಕಿನ ಆಕರ್ಷಣೆಯೋ ಇದಕ್ಕೆ ನೇರ ವಿರುದ್ಧ: ಅವರವರ ದೋಣಿ, ಅವರವರ ಮನಸ್ಸು ಬಂದ ದಾರಿ. ಈಗಂತೂ ಗಾಳಿ ತುಂಬುವ ಕಯಾಕ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಯಾವ ಸೇತುವೆಯ ಬುಡದಲ್ಲಿ ಬೇಕಾದರೂ ಇಳಿಸಬಹುದು. ಅಭಯಾರಣ್ಯದ ಒಳಗಾದರೆ ಕಾಯ್ದೆಯ 27, 28ನೇ ಕಲಮುಗಳು ಪ್ರವೇಶಕ್ಕೆ ಪರವಾನಗಿ ಕೇಳುತ್ತವೆ. ಹೊರಗಿನ ಹೊಳೆಗೆ ಅಂಥ ಕಾವಲಿಲ್ಲ.

ಎಮ್ಮೆ ಮೈ ತೊಳೆಯುವವರು, ಬಟ್ಟೆ ಒಗೆಯುವವರು, ಬಲೆ ಬೀಸುವವರು ಹೊಳೆಯಲ್ಲಿ ಇಲ್ಲವೇ? ಇದ್ದಾರೆ. ಅವರಿಗೆ ಗೊತ್ತಾದ ಘಾಟುಗಳಿವೆ, ಗೊತ್ತಾದ ವೇಳೆಯಿದೆ. ಹಕ್ಕಿಗಳು ಆ ಜಾಗವನ್ನು ಮನುಷ್ಯನಿಗೆ ಬಿಟ್ಟುಕೊಟ್ಟು ಉಳಿದದ್ದನ್ನು ಇಟ್ಟುಕೊಂಡಿವೆ. ಹೊಳೆದಂಡೆಯ ಹಳೆಯ ಒಪ್ಪಂದ ಅದು. ಕಯಾಕ್ ಬರುವುದು ಆ ಉಳಿದದ್ದಕ್ಕೇ. ಉಸುಕು ತೋಡುವುದು, ಊರಿನ ಕೊಳಚೆ ಹೊಳೆ ಸೇರುವುದು ಇದಕ್ಕಿಂತ ಎಷ್ಟೋ ದೊಡ್ಡ ಅನ್ಯಾಯಗಳು, ಒಪ್ಪುತ್ತೇನೆ. ಆದರೆ ದೊಡ್ಡ ಕಳ್ಳ ಸಿಕ್ಕಿಲ್ಲವೆಂದು ಸಣ್ಣವನಿಗೆ ಬಾಗಿಲು ತೆರೆಯುವುದು ಯಾವ ಊರಿನ ಪದ್ಧತಿ?

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ವಾದ ಇದು: ನೋಡಿದರೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದರೆ ಕಾಡು ಉಳಿಯುತ್ತದೆ. ಖಾನಾಪುರ ತಾಲೂಕಿನಲ್ಲೇ ಇದಕ್ಕೆ ಉತ್ತರವಿದೆ. ಭೀಮಗಡದ ಬಾರಾಪೇಡೆ ಗವಿಗಳಲ್ಲಿ ರಾಟನ್ ಹೆಸರಿನ ಬಾವಲಿ ಇದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಜಗತ್ತಿನಲ್ಲಿ ಅದು ಇರುವುದು ಇದೊಂದೇ ಜಾಗದಲ್ಲಿ ಎಂದು ದಶಕಗಳ ಕಾಲ ನಂಬಲಾಗಿತ್ತು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡಿತು. ಈ ತಾಲೂಕಿಗೆ ಜಗತ್ತಿನ ವಿಜ್ಞಾನದ ನಕ್ಷೆಯಲ್ಲಿ ಜಾಗ ಕೊಟ್ಟ ಈ ಜೀವಿಯನ್ನು ಬೆಳಗಾವಿಯ ಎಷ್ಟು ಜನ ಕಣ್ಣಾರೆ ಕಂಡಿದ್ದಾರೆ? ಕಾಣದಿರುವುದೇ ಅದರ ಪುಣ್ಯ. ಟಾರ್ಚ್ ಹಿಡಿದು ಪ್ರೀತಿಸುವವರ ಸಾಲು ಗವಿಯ ಬಾಯಿಗೆ ಬಂದಿದ್ದರೆ ಬಾವಲಿಗಳು ಎಂದೋ ಜಾಗ ಬಿಟ್ಟಿರುತ್ತಿದ್ದವು. 2011ರಲ್ಲಿ 190 ಚದರ ಕಿಲೋಮೀಟರಿನಷ್ಟು ಕಾಡು ಭೀಮಗಡ ಅಭಯಾರಣ್ಯವಾದದ್ದಕ್ಕೆ ಈ ಬಾವಲಿ ಇಲ್ಲಿದೆ ಎಂಬ ಅರಿವೂ ಒಂದು ಬಲ ಕೊಟ್ಟಿತು. ಇದೆ ಎಂದು ತಿಳಿದಿರುವುದಕ್ಕೂ ಹತ್ತಿರ ಹೋಗಿ ಮುಖ ನೋಡಲೇಬೇಕೆನ್ನುವುದಕ್ಕೂ ಅಂತರವಿದೆ. ಮೊದಲನೆಯದು ಕಾಡಿಗೆ ಕೊಡುತ್ತದೆ, ಎರಡನೆಯದು ಕಾಡಿನಿಂದ ಪಡೆಯುತ್ತದೆ.

ಸ್ಥಳೀಯರಿಗೆ ಉದ್ಯೋಗ ಸಿಗುತ್ತದಲ್ಲ ಎಂಬುದು ಕೊನೆಯ ಅಸ್ತ್ರ. ಸ್ಥಳೀಯರ ಹೆಸರು ಹೇಳುವ ಮೊದಲು ಅವರ ಪಾಡು ನೆನೆಯಬೇಕು. 2024ರ ಮಳೆಗಾಲದಲ್ಲಿ ಭೀಮಗಡದೊಳಗಿನ ಆಮಗಾಂವದಿಂದ ಕಾಯಿಲೆಬಿದ್ದ ಹೆಂಗಸೊಬ್ಬಳನ್ನು ರಸ್ತೆಯಿಲ್ಲದೆ ಬೊಂಬಿನ ಡೋಲಿಯಲ್ಲಿ ಹೊತ್ತು ತಂದದ್ದನ್ನು ನಾಡೆಲ್ಲ ನೋಡಿತು. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿ ಗೊತ್ತುಮಾಡಿ ಕಾಡಿನಿಂದ ಹೊರಬರುವ ಏರ್ಪಾಡಾಯಿತು. ತಲೆಮಾರುಗಳಿಂದ ಅಲ್ಲೇ ಇದ್ದವರಿಗೆ, ನಿಮ್ಮ ಇರವಿನಿಂದ ಪ್ರಾಣಿಗಳಿಗೆ ತೊಂದರೆ ಎನ್ನುತ್ತೇವೆ. ವಾರಕ್ಕೊಮ್ಮೆ ಬರುವ ನಮ್ಮಿಂದ ಮಾತ್ರ ತೊಂದರೆಯೇ ಇಲ್ಲ! ಉದ್ಯೋಗವೇ ಗುರಿಯಾದರೆ ಹೊಳೆ ಬಲ್ಲ ಹುಡುಗರನ್ನು ದಂಡೆಯ ಮೇಲಿನ ಮಾರ್ಗದರ್ಶಿಗಳನ್ನಾಗಿ ಮಾಡಿ, ಸಂಬಳ ಕೊಡಿ. ಬಾಡಿಗೆ ದೋಣಿ ತಳ್ಳಲು ನಿಲ್ಲಿಸುವುದಕ್ಕಿಂತ ಅದು ಹೆಚ್ಚು ಗೌರವದ ಕೆಲಸ.

ನೋಡಬೇಕೆಂಬ ಆಸೆ ತಪ್ಪಲ್ಲ. ಅಸೋಗಾದಲ್ಲೋ ಹಬ್ಬನಹಟ್ಟಿಯಲ್ಲೋ ಹೊಳೆ ಕಾಣುವ ಒಂದು ಕಲ್ಲಿನ ಮೇಲೆ ಬೆಳಕು ಹರಿಯುವ ಮುಂಚೆ ಕೂತುಬಿಡಿ. ಕೈಯಲ್ಲೊಂದು ದುರ್ಬೀನು, ಮೈಮೇಲೆ ಮಾಸಲು ಅಂಗಿ. ಮೊದಲ ಅರ್ಧ ತಾಸು ಏನೂ ಕಾಣದು. ಆಮೇಲೆ ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ಬೀಳುತ್ತದೆ. ಹಿಡಿದ ಮೀನನ್ನು ಕೊಂಬೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದು, ತಲೆ ಮುಂದಾಗುವಂತೆ ಹೊರಳಿಸಿ ನುಂಗುತ್ತದೆ. ನೀರುಕಾಗೆ ರೆಕ್ಕೆ ಹರವಿ ಬಿಸಿಲಿಗೆ ನಿಲ್ಲುತ್ತದೆ. ಕಯಾಕ್‌ನವರ ಫೋಟೊಗಳಲ್ಲಿ ಇಂಥವು ಅಪರೂಪ. ಅಲ್ಲಿ ಬಹುಪಾಲು ಹಾರಿಹೋಗುವ ಹಕ್ಕಿಯ ಬಾಲ. ಬೆನ್ನು ಹತ್ತಿದವನಿಗೆ ಬೆನ್ನಷ್ಟೇ ಕಂಡೀತು.

ಆದ್ದರಿಂದ ಪ್ರವಾಸೋದ್ಯಮ ಇಲಾಖೆಗೂ ಅರಣ್ಯ ಇಲಾಖೆಗೂ ಹೇಳಬೇಕಾದದ್ದು ನೇರವಾಗಿದೆ. ಕಣಕುಂಬಿಯಿಂದ ಖಾನಾಪುರದವರೆಗಿನ ಮಲಪ್ರಭೆಯಲ್ಲಿ, ಭೀಮಗಡದೊಳಗೆ ಹರಿಯುವ ಮಹದಾಯಿ ಮತ್ತು ಅದರ ಹಳ್ಳಗಳಲ್ಲಿ, ಚಳಿಗಾಲಕ್ಕೆ ಕರ್ಕರ ಕೊಕ್ಕರೆಗಳು ಬಂದಿಳಿಯುವ ಧೂಪದಾಳದ ಘಟಪ್ರಭಾ ಪಕ್ಷಿಧಾಮದಲ್ಲಿ ವಿಹಾರದ ದೋಣಿಗೆ, ಅದು ಎಷ್ಟೇ ಮೌನಿಯಾಗಿರಲಿ, ಜಾಗ ಕೊಡಬೇಡಿ. ಅಗಲ ಜಲಾಶಯಗಳಲ್ಲಿ ಕೊಡುವುದಾದರೆ ಗೊತ್ತಾದ ಪಟ್ಟಿಯಲ್ಲಿ, ಬಿಸಿಲೇರಿದ ಮೇಲೆ, ಮೊಟ್ಟೆ ಇಡುವ ತಿಂಗಳುಗಳನ್ನು ಬಿಟ್ಟು ಕೊಡಿ. ಹುಟ್ಟು ಹಾಕುವ ಸುಖವೇ ಬೇಕಾದವರಿಗೆ ಬೆಳಗಾವಿಯಲ್ಲಿ ಕೋಟೆ ಕೆರೆ ಇದೆ. ಅದು ಒಳ್ಳೆಯ ವ್ಯಾಯಾಮ, ಒಳ್ಳೆಯ ಮನರಂಜನೆ, ನಾಚಿಕೆಪಡುವಂಥದ್ದೇನೂ ಇಲ್ಲ. ಅದಕ್ಕೆ ವನ್ಯಜೀವಿ ಪ್ರೇಮದ ಶಾಲು ಹೊದಿಸುವುದನ್ನು ಮಾತ್ರ ಬಿಡಿ. ವನ್ಯಜೀವಿ ನೋಡಬೇಕು ಎನ್ನುವವರು ದೋಣಿಯಿಂದ ಇಳಿದು, ದಂಡೆ ಹತ್ತಿ, ಕೂತು ಕಾಯುವುದನ್ನು ಕಲಿಯಬೇಕು. ಕಾಯುವಷ್ಟು ತಾಳ್ಮೆ ಇಲ್ಲದವರ ಆತುರಕ್ಕೆ ಹೊಳೆಯ ಹಕ್ಕಿ ತನ್ನ ಬೆಳಗಿನ ಊಟ ಬಿಡಬೇಕಾಗಿಲ್ಲ.